ಬೆನ್ನುಹುರಿಯ ಉರಿಯೂತ: ಕಾಲಿಗಿಂತ ಮೊದಲು ಮೂತ್ರಕೋಶ ನೋಡಿ

ಸೊಂಟದಿಂದ ಕೆಳಗಿನ ಸ್ವಾಧೀನವನ್ನೇ ಕಿತ್ತುಕೊಳ್ಳುವ ಟ್ರಾನ್ಸ್‌ವರ್ಸ್ ಮೈಲೈಟಿಸ್ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಮನೆಯವರ ಕಣ್ಣೆಲ್ಲ ಕಾಲಿನ ಮೇಲೆಯೇ ಇರುತ್ತದೆ. ರೋಗಿಯನ್ನು ವರ್ಷಗಳ ಕಾಲ ಕಾಡುವುದು ಮಾತ್ರ ಮೂತ್ರ ಮತ್ತು ಚರ್ಮ. ಹಾಗಾಗಿ ಎರಡನೇ ಉತ್ತರ ಉಳಿದವುಗಳಿಗಿಂತ ಉದ್ದವಾಗಿದೆ.

ಪ್ರಶ್ನೆ: ತಮ್ಮನಿಗೆ 34 ವರ್ಷ. ಎದೆಯ ಕೆಳಗೆ ಬೆಲ್ಟ್ ಬಿಗಿದ ಹಾಗಿದೆ ಎಂದ. ಮರುದಿನ ಎರಡೂ ಕಾಲು ಜೋಮು ಹಿಡಿದವು, ಮೂರನೇ ದಿನ ಏಳಲಾಗಲಿಲ್ಲ, ಮೂತ್ರವೂ ಕಟ್ಟಿತು. ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದ್ದಾರೆ, ಕಾಲು ಅಲ್ಲಾಡುತ್ತಿಲ್ಲ. ಇದು ಲಕ್ವವೇ? ನಾಟಿ ಔಷಧಿಗೆ ಕರೆದೊಯ್ಯಿರಿ ಎನ್ನುತ್ತಾರೆ ನೆಂಟರು. (ದಾವಣಗೆರೆ)

ಉತ್ತರ: ನಾವು ಲಕ್ವ ಎನ್ನುವುದು ಸಾಮಾನ್ಯವಾಗಿ ಮಿದುಳಿನ ರಕ್ತನಾಳದ ತೊಂದರೆಗೆ. ಅದು ಏಕಾಏಕಿ ಬರುತ್ತದೆ, ಹೆಚ್ಚಾಗಿ ದೇಹದ ಒಂದೇ ಪಕ್ಕಕ್ಕೆ ಹೊಡೆಯುತ್ತದೆ. ನಿಮ್ಮ ತಮ್ಮನಿಗೆ ಆಗಿರುವುದು ಬೇರೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಬೆನ್ನುಹುರಿಯ ಮೇಲೆ ತಿರುಗಿಬಿದ್ದಿದೆ. ನರತಂತುಗಳ ಮೈಲಿನ್ ಹೊದಿಕೆ ಕೆಟ್ಟು, ಆ ಜಾಗ ಊದಿಕೊಂಡು, ಅಲ್ಲಿಂದ ಕೆಳಕ್ಕೆ ಹೋಗುವ ಆಜ್ಞೆಯೂ ಮೇಲಕ್ಕೆ ಬರುವ ಸ್ಪರ್ಶವೂ ತಡೆದಿವೆ. ಬೆಲ್ಟ್ ಬಿಗಿದಂತಾದ ಮಟ್ಟವೇ ಸುಮಾರಾಗಿ ಊತದ ಮಟ್ಟ. ಈ ಕಾಯಿಲೆ ಶುರುವಾಗಿ ತುತ್ತತುದಿ ಮುಟ್ಟಲು 4 ಗಂಟೆಯಿಂದ 21 ದಿನ ಹಿಡಿಯುತ್ತದೆ. ಅದಕ್ಕಿಂತ ಬೇಗ ಕಾಲು ಬಿದ್ದಿದ್ದರೆ ಬೆನ್ನುಹುರಿಯ ರಕ್ತನಾಳ ಕಟ್ಟಿರಬಹುದೇ ಎಂದು ನೋಡಬೇಕಾಗುತ್ತದೆ.

ಎಂಆರ್‌ಐ ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಜಾರಿದ ಡಿಸ್ಕ್, ಗಡ್ಡೆ, ಬೆನ್ನುಮೂಳೆಯ ಕ್ಷಯ ಯಾವುದೂ ಹುರಿಯನ್ನು ಒತ್ತುತ್ತಿಲ್ಲ ಎಂದು ಮೊದಲು ಖಾತ್ರಿಯಾಗಬೇಕು. ಒತ್ತುತ್ತಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕು.

ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಕೊಡುವುದು ರೂಢಿ. ಊತ ಇಳಿಸುವುದಷ್ಟೇ ಅದರ ಕೆಲಸ. ಕೆಟ್ಟ ನರ ಚೇತರಿಸಿಕೊಳ್ಳಲು ವಾರಗಳು ಬೇಕು. ಆದ್ದರಿಂದ ಆರನೇ ದಿನ ಕಾಲು ಅಲ್ಲಾಡದಿದ್ದರೆ ಔಷಧಿ ವ್ಯರ್ಥವಾಯಿತು ಎಂದಲ್ಲ. ಹಾಗಂತ ಸುಮ್ಮನೆ ಕಾಯುವಂತೆಯೂ ಇಲ್ಲ. ಇಷ್ಟು ಜೋರಾದ ದಾಳಿಗೆ ಸ್ಟೀರಾಯ್ಡ್ ಸಾಲದಿದ್ದರೆ ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ದ್ರವಭಾಗವನ್ನು ತೆಗೆದು ಬದಲಿ ದ್ರವ ತುಂಬುವುದು) ಮಾಡುತ್ತಾರೆ: ದಿನ ಬಿಟ್ಟು ದಿನ, 5ರಿಂದ 7 ಸಲ. ತಡವಾದಷ್ಟೂ ಅದರ ಫಲ ಕಡಿಮೆ. ನರತಜ್ಞರನ್ನು ಇವತ್ತೇ ಕೇಳಿ. ನರಮಂಡಲದ ಮೇಲೆ ತಿರುಗಿಬೀಳುವ ಅಕ್ವಾಪೊರಿನ್-4 ಮತ್ತು ಮಾಗ್ (MOG) ಪ್ರತಿಕಾಯಗಳ ಪರೀಕ್ಷೆಗೆ ರಕ್ತವನ್ನು ಪ್ಲಾಸ್ಮಾ ಬದಲಿಸುವ ಮೊದಲೇ ತೆಗೆದಿಟ್ಟಿರಬೇಕು, ಆಮೇಲೆ ತೆಗೆದರೆ ಫಲಿತಾಂಶ ನಂಬುವಂತಿರುವುದಿಲ್ಲ. ನಾಟಿ ಔಷಧಿಗೆಂದು ಊರೂರು ಅಲೆದರೆ ಕೈಜಾರುವುದು ಈ ದಿನಗಳೇ.

ಸ್ಥೂಲವಾಗಿ ಮೂರರಲ್ಲಿ ಒಬ್ಬರು ಚೆನ್ನಾಗಿ ಗುಣವಾಗುತ್ತಾರೆ, ಒಬ್ಬರಿಗೆ ಸ್ವಲ್ಪ ಊನ ಉಳಿಯುತ್ತದೆ, ಇನ್ನೊಬ್ಬರಿಗೆ ಹೆಚ್ಚು ಊನ. ಚೇತರಿಕೆ ಸಾಮಾನ್ಯವಾಗಿ 2ರಿಂದ 12 ವಾರದೊಳಗೆ ಶುರುವಾಗಿ, ನಿಧಾನವಾಗಿ 2 ವರ್ಷದವರೆಗೂ ನಡೆಯಬಹುದು.

ಪ್ರಶ್ನೆ: ಯಜಮಾನರನ್ನು ಮನೆಗೆ ಕಳಿಸಿದ್ದಾರೆ. ಮೂತ್ರದ ಪೈಪನ್ನು ತೆಗೆದು, ನಾಲ್ಕು ಗಂಟೆಗೊಮ್ಮೆ ನಾವೇ ಹೊಸ ಪೈಪ್ ಹಾಕಿ ತೆಗೆಯಬೇಕಂತೆ. ನಂಜಾಗುವ ಭಯ. ಮೊದಲಿನ ಪೈಪನ್ನೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? (ಶಿವಮೊಗ್ಗ)

ಉತ್ತರ: ನಂಜು ಹೆಚ್ಚು ಬರುವುದು ನೀವು ಸುರಕ್ಷಿತ ಎಂದುಕೊಂಡಿರುವ ಪೈಪಿನಿಂದಲೇ. ಒಳಗೇ ಉಳಿಯುವ ಫೋಲಿ ಕ್ಯಾಥಿಟರ್ ಮೇಲೆ ದಿನಗಳಲ್ಲೇ ರೋಗಾಣು ಪದರ ಕಟ್ಟುತ್ತದೆ. ಕಲ್ಲಾಗುತ್ತದೆ, ಮೂತ್ರನಾಳ ಸವೆಯುತ್ತದೆ, ಮೂತ್ರಕೋಶ ಕುಗ್ಗುತ್ತದೆ. ಆಗಾಗ ಹಾಕಿ ತೆಗೆಯುವ ಪೈಪು ಮೂತ್ರಕೋಶವನ್ನು ಪೂರ್ತಿ ಬರಿದು ಮಾಡುತ್ತದೆ. ನಿಂತ ನೀರಿಲ್ಲದಿದ್ದರೆ ರೋಗಾಣು ಬೆಳೆಯುವುದೆಲ್ಲಿ?

ಮೆಡಿಕಲ್ ಶಾಪಿನಲ್ಲಿ ನೆಲಾಟನ್ ಕ್ಯಾಥಿಟರ್ ಎಂದು ಕೇಳಿ. ಗಂಡಸರಿಗೆ ಸಾಮಾನ್ಯವಾಗಿ 12 ಅಥವಾ 14 ನಂಬರ್. ಕೈಗಳನ್ನು ಸೋಪಿನಿಂದ ತೊಳೆದು, ಜಾಗವನ್ನೂ ಸೋಪು ನೀರಿನಿಂದ ಒರೆಸಿ. ಪೈಪಿನ ತುದಿಯಿಂದ ಒಂದು ಗೇಣಿನಷ್ಟು ಜೆಲ್ಲಿ ಹಚ್ಚಿ. ಜೆಲ್ಲಿಯಲ್ಲಿ ಜಿಪುಣತನ ಮಾಡಿದರೆ ನಾಳ ಗೀರಿ ರಕ್ತ ಬರುತ್ತದೆ. ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದು ಮೆಲ್ಲಗೆ ತಳ್ಳಿ. ಒಳಗೆ ಒಂದು ಕಡೆ ತಡೆದ ಹಾಗಾಗುತ್ತದೆ. ಅದು ಬಿಗಿದ ಸ್ನಾಯು. ಅಲ್ಲಿ ಬಲವಂತ ಬೇಡ. ಕೆಮ್ಮಿಸಿ, ದೀರ್ಘ ಉಸಿರು ತೆಗೆಸಿ, ಅದು ಸಡಿಲುವವರೆಗೆ ಕಾಯಿರಿ. ಮೂತ್ರ ಹರಿಯತೊಡಗಿದ ಮೇಲೆ ಇನ್ನೆರಡು ಸೆಂಟಿಮೀಟರ್ ತಳ್ಳಿ. ಹರಿವು ನಿಂತಾಗ ಪೈಪನ್ನು ನಿಧಾನವಾಗಿ ಎಳೆಯುತ್ತಾ, ಮತ್ತೆ ಹನಿದರೆ ಅಲ್ಲೇ ತಡೆಯಿರಿ. ತಳದಲ್ಲಿ ಉಳಿದದ್ದು ಬರುವುದೇ ಆಗ. ಕೊನೆಗೆ ಮುಂದೊಗಲನ್ನು ಮುಂದಕ್ಕೆ ತರಲು ಮರೆಯಬೇಡಿ. ಹಿಂದೆಯೇ ಉಳಿದರೆ ಊದಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. (ಹೆಂಗಸರಿಗೆ ಗಿಡ್ಡ ಪೈಪು ಸಾಕು, ಕಲಿಯುವಾಗ ಕನ್ನಡಿ ಬೇಕು. ಪೈಪು ತಪ್ಪಿ ಯೋನಿಗೆ ಹೋದರೆ ಅದನ್ನು ಅಲ್ಲೇ ಗುರುತಿಗೆ ಬಿಟ್ಟು, ಅದರ ಮೇಲಿನ ರಂಧ್ರಕ್ಕೆ ಹೊಸ ಪೈಪು ಹಾಕಿ.)

ಪ್ರತಿ ಸಲ ಎಷ್ಟು ಬಂತೆಂದು ಅಳತೆ ಜಗ್ಗಿನಲ್ಲಿ ನೋಡಿ ಬರೆದಿಡಿ. ಒಂದು ಸಲಕ್ಕೆ 500 ಮಿ.ಲೀ. ಮೀರಬಾರದು. ಮೀರುತ್ತಿದ್ದರೆ ಗಂಟೆಗಳ ಅಂತರ ಕಡಿಮೆ ಮಾಡಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರನ್ನು ಹಂಚಿಕೊಂಡು ಕುಡಿಯಲಿ, ಮಲಗುವ ಎರಡು ಗಂಟೆ ಮುಂಚೆ ನಿಲ್ಲಿಸಲಿ. ಮೂತ್ರ ಬರಲೆಂದು ಕಿಬ್ಬೊಟ್ಟೆ ಒತ್ತುವ ಅಭ್ಯಾಸ ಕೆಲವರಿಗಿದೆ. ಒತ್ತಡ ಮೇಲಕ್ಕೆ ತಿರುಗಿ ಮೂತ್ರಪಿಂಡ ಕೆಡುತ್ತದೆ, ಬೇಡವೇ ಬೇಡ. ಪೈಪು ಒಮ್ಮೆ ಬಳಸಿ ಎಸೆಯುವಂಥದ್ದು. ಖರ್ಚಿಗೆ ಅಂಜಿ ತೊಳೆದು ಬಳಸುವವರಿದ್ದಾರೆ. ಹಾಗೆ ಮಾಡುವುದೇ ಆದರೆ ವೈದ್ಯರಿಗೆ ತಿಳಿಸಿ, ಬಳಸಿದ ಕೂಡಲೇ ಒಳಗೂ ಹೊರಗೂ ತೊಳೆದು, ಪೂರ್ತಿ ಒಣಗಿಸಿ, ಬಣ್ಣ ಮಬ್ಬಾದರೆ ಅಥವಾ ಗಡುಸಾದರೆ ಬಿಸಾಡಿ.

ಜ್ವರ, ಚಳಿನಡುಕ, ಹೊಸದಾಗಿ ಸೋರುವುದು, ಕಾಲಿನ ಬಿಗಿತ ಹಠಾತ್ತನೆ ಹೆಚ್ಚುವುದು ನಂಜಿನ ಲಕ್ಷಣ. ವಾಸನೆ ಬಂತೆಂದೋ, ಲ್ಯಾಬ್ ವರದಿಯಲ್ಲಿ ರೋಗಾಣು ಎಂದಿದೆಯೆಂದೋ ಆಂಟಿಬಯಾಟಿಕ್ ನುಂಗಿಸಬೇಡಿ. ಪೈಪು ಬಳಸುವವರ ಮೂತ್ರದಲ್ಲಿ ರೋಗಾಣು ಇದ್ದೇ ಇರುತ್ತವೆ. ಸುಮ್ಮಸುಮ್ಮನೆ ಮಾತ್ರೆ ಕೊಟ್ಟರೆ ನಿಜವಾಗಿ ನಂಜಾದ ದಿನ ಅದು ನಾಟುವುದಿಲ್ಲ.

ಪ್ರಶ್ನೆ: ಎರಡು ತಿಂಗಳು ಜೋಲು ಬಿದ್ದಿದ್ದ ಮಗಳ ಕಾಲುಗಳು ಈಗ ಮರದಂತೆ ಬಿಗಿಯುತ್ತವೆ, ರಾತ್ರಿ ತಾವೇ ಎಗರುತ್ತವೆ. ಶಕ್ತಿ ಬರುತ್ತಿದೆಯೇ? (ಮೈಸೂರು)

ಉತ್ತರ: ಎಗರುವುದೇ ಶಕ್ತಿಯಲ್ಲ. ಮೊದಲ ವಾರಗಳಲ್ಲಿ ಹುರಿಗೆ ಆಘಾತವಾಗಿ ಕಾಲು ಸಡಿಲವಾಗಿರುತ್ತದೆ. ಅದು ಇಳಿದ ಮೇಲೆ ಮಿದುಳಿನ ಹಿಡಿತವಿಲ್ಲದ ಸ್ನಾಯುಗಳು ತಮ್ಮಷ್ಟಕ್ಕೆ ಬಿಗಿಯುತ್ತವೆ. ‘ಹೆಬ್ಬೆರಳು ಎತ್ತು’ ಎಂದಾಗ ಎತ್ತಿದರೆ ಅದು ಶಕ್ತಿ.

ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಡುತ್ತಾರೆ. ಸಾಮಾನ್ಯವಾಗಿ 5 ಮಿ.ಗ್ರಾಂ. ದಿನಕ್ಕೆ ಮೂರು ಸಲ ಎಂದು ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಮಾತ್ರೆ ಮುಗಿದುಹೋಗಿ ಹಬ್ಬದ ರಜೆಯಲ್ಲಿ ಅಂಗಡಿ ಮುಚ್ಚಿತ್ತು ಎಂಬ ಸ್ಥಿತಿ ಬರಕೂಡದು: ಈ ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ಭ್ರಮೆ, ಜ್ವರ, ಫಿಟ್ಸ್ ಬರಬಹುದು. ಪ್ರಮಾಣ ಅತಿಯಾದರೂ ಕಷ್ಟ. ನಿಲ್ಲುವಾಗ ಆ ಬಿಗಿತವೇ ಕೆಲವರ ಮಂಡಿಗೆ ಊರುಗೋಲು. ಅದನ್ನು ಪೂರ್ತಿ ಕರಗಿಸಿದರೆ ಮಂಡಿ ಕುಸಿಯುತ್ತದೆ. ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಿದರೆ ಮಾತ್ರೆ ಏರಿಸುವ ಮೊದಲು ಮೂತ್ರದ ನಂಜು, ಮಲಬದ್ಧತೆ, ಹುಣ್ಣು, ಒಳಕ್ಕೆ ಬೆಳೆದ ಉಗುರು ಇವೆಯೇ ಎಂದು ಹುಡುಕಿ. ನೋವು ಅವಳಿಗೆ ಗೊತ್ತಾಗದು, ಕಾಲಿಗೆ ಗೊತ್ತಾಗುತ್ತದೆ.

ಪಾದ ಕೆಳಕ್ಕೆ ಬೀಳದಂತೆ ಫಿಸಿಯೋಥೆರಪಿಸ್ಟ್ ಹತ್ತಿರ ಎಎಫ್‌ಒ ಪಟ್ಟಿ (ಪಾದ ಮತ್ತು ಕಣಕಾಲನ್ನು ನೇರ ಹಿಡಿಯುವ ಆಧಾರ) ಮಾಡಿಸಿ. ಹಿಮ್ಮಡಿಯ ಸ್ನಾಯುರಜ್ಜು ಒಮ್ಮೆ ಗಿಡ್ಡವಾದರೆ ಶಕ್ತಿ ಬಂದರೂ ಅಂಗಾಲು ನೆಲಕ್ಕೂರುವುದಿಲ್ಲ.

ಪ್ರಶ್ನೆ: ತಾಯಿಯ ಕಾಲು ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಟ್ಟೆವು, ಬೊಬ್ಬೆ ಎದ್ದಿದೆ. ಬಾಲಮೂಳೆಯ ಹತ್ತಿರವೂ ಕೆಂಪಾಗಿದೆ. ಎಣ್ಣೆ ತಿಕ್ಕಬಹುದೇ? (ಬಾಗಲಕೋಟೆ)

ಉತ್ತರ: ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಚೀಲ, ಕಾದ ಎಣ್ಣೆ, ಕೆಂಡದ ಶಾಖ ಯಾವುದೂ ಬೇಡ, ಕಂಬಳಿ ಹೊದಿಸಿ ಸಾಕು. ಬೊಬ್ಬೆ ಒಡೆಯಬೇಡಿ, ವೈದ್ಯರಿಗೆ ತೋರಿಸಿ. ಬಾಲಮೂಳೆಯ ಕೆಂಪನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬಿಳಚದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಜಜ್ಜುತ್ತದೆ. ಆ ಜಾಗದ ಮೇಲೆ ಭಾರವೇ ಬೀಳದಂತೆ ಮಲಗಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗಾಲಿಕುರ್ಚಿಯಲ್ಲಿದ್ದರೆ ಅರ್ಧ ಗಂಟೆಗೊಮ್ಮೆಯಾದರೂ ಭಾರ ಎತ್ತಿಸಿ. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಸುತ್ತಲಿನ ರಕ್ತಸಂಚಾರವನ್ನೇ ಅದು ತಡೆಯುತ್ತದೆ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಮಾಲೀಸು ಅಪಾಯ: ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ವರದಿಯಲ್ಲಿ ಅಕ್ವಾಪೊರಿನ್-4 ಪಾಸಿಟಿವ್ ಎಂದಿದೆ. ಈಗ ನಡೆಯುತ್ತಿದ್ದೇನೆ. ಮಾತ್ರೆ ನಿಲ್ಲಿಸಬಹುದೇ? ಮಗು ಬೇಕೆಂದಿದ್ದೇವೆ. (ಮಂಗಳೂರು)

ಉತ್ತರ: ನಿಲ್ಲಿಸಬೇಡಿ. ಕಾರಣ ಸಿಗದ ಮೈಲೈಟಿಸ್ ಹೆಚ್ಚಿನವರಿಗೆ ಒಂದೇ ಸಲ ಬಂದು ಹೋಗುತ್ತದೆ. ಆದರೆ ವರದಿಯ ಪ್ರಕಾರ ನಿಮ್ಮದು ನ್ಯೂರೋಮೈಲೈಟಿಸ್ ಆಪ್ಟಿಕಾ, ಅಂದರೆ ಬೆನ್ನುಹುರಿಗೂ ಕಣ್ಣಿನ ನರಕ್ಕೂ ಬರುವ ಉರಿಯೂತ. ಅದು ಮರುಕಳಿಸುವ ಕಾಯಿಲೆ, ಮುಂದಿನ ದಾಳಿ ಕಣ್ಣಿಗೂ ಆಗಬಹುದು, ಪ್ರತಿ ದಾಳಿಯೂ ಒಂದಿಷ್ಟು ಊನ ಬಿಟ್ಟುಹೋಗುತ್ತದೆ. ನೀವು ತೆಗೆದುಕೊಳ್ಳುತ್ತಿರುವುದು ಮೈಕೋಫೆನೊಲೇಟ್ ಆದರೆ ಅದು ಗರ್ಭದ ಮಗುವಿಗೆ ಹಾನಿ ಮಾಡುತ್ತದೆ. ಬೇರೆ ಔಷಧಿಗೆ ಬದಲಿಸಿಕೊಂಡ ಮೇಲೆಯೇ ಗರ್ಭ ಧರಿಸಬೇಕು. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ದಾಳಿಯ ಸಾಧ್ಯತೆ ಹೆಚ್ಚು, ಆದ್ದರಿಂದ ನರತಜ್ಞರೂ ಪ್ರಸೂತಿ ವೈದ್ಯರೂ ಒಟ್ಟಿಗೆ ಕೂತು ಯೋಜನೆ ಹಾಕಲಿ.

ಪ್ರಶ್ನೆ: ಅಂಗವಿಕಲರ ಕಾರ್ಡ್ ಸಿಗುತ್ತದೆಯೇ? (ಹಾಸನ)

ಉತ್ತರ: ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಚಲನಾ ವೈಕಲ್ಯವೂ ದೀರ್ಘಕಾಲದ ನರರೋಗವೂ ಸೇರಿವೆ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಮೀಸಲಾತಿಯಂಥ ಸೌಲಭ್ಯಗಳಿಗೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಬೇಕು. ಚೇತರಿಕೆ ಇನ್ನೂ ನಡೆಯುತ್ತಿದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು. ವೈದ್ಯರ ಮುಂದೆ ಹೋಗುವಾಗ ಡಿಸ್ಚಾರ್ಜ್ ಸಾರಾಂಶ, ಎಂಆರ್‌ಐ ವರದಿಯ ಜೊತೆಗೆ ಮೂತ್ರದ ಅಳತೆ ಬರೆದಿಟ್ಟ ಆ ಪುಸ್ತಕವನ್ನೂ ಒಯ್ಯಿರಿ.