ಆಟಗಾರನಾಗಿ ಮಿಂಚದವನು ಕೆಲಸ ಬಿಟ್ಟು ಫುಟ್‌ಬಾಲ್ ಕೋಚ್ ಆಗಬಹುದೇ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. 29 ವರ್ಷ, ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಭಾನುವಾರ ಆಟ, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಹಳೆಯ ಕೋಚ್ ಹರ್ಬರ್ಟ್ ಚಾಪ್‌ಮನ್ ಹಾಗೆ ಎಲ್ಲ ಬಿಟ್ಟು ಕೋಚ್ ಆಗಿಬಿಡಲಾ ಅನ್ನುವ ಯೋಚನೆ. 1998ರಲ್ಲಿ ಬೆಂಗಳೂರಿನಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ, ಇದೇ ಮನುಷ್ಯನ ಹೆಸರು ಹಿಡಿದುಕೊಂಡು.

ಆದರೆ ಚಾಪ್‌ಮನ್ ಎಲ್ಲ ಬಿಟ್ಟು ಹೊರಟವರೇ ಅಲ್ಲ. ನಿಮಗೆ ಯಾರೋ ಅರ್ಧ ಕಥೆ ಹೇಳಿದ್ದಾರೆ. 1878ರಲ್ಲಿ ಯಾರ್ಕ್‌ಷೈರ್‌ನ ಕಿವ್‌ಟನ್ ಪಾರ್ಕ್ ಎಂಬ ಕಲ್ಲಿದ್ದಲಿನ ಊರಿನಲ್ಲಿ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿದವರು, ಶೆಫೀಲ್ಡ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದಿದರು. ಗ್ರಿಮ್ಸ್‌ಬಿ, ಸ್ವಿಂಡನ್, ಶೆಫೀಲ್ಡ್ ಯುನೈಟೆಡ್, ನಾಟ್ಸ್ ಕೌಂಟಿ, ಟಾಟನ್‌ಹ್ಯಾಮ್ ಅಂತ ಊರೂರು ತಿರುಗಿ ಆಡಿದರು. ಕೆಲವು ಕಡೆ ಸಂಬಳಕ್ಕೆ, ಕೆಲವು ಕಡೆ ಹವ್ಯಾಸಿಯಾಗಿ. ಮನೆಯಲ್ಲಿ ದೊಡ್ಡ ಆಟಗಾರ ಅಂದರೆ ತಮ್ಮ ಹ್ಯಾರಿ. ಅವರು ಶೆಫೀಲ್ಡ್ ವೆಡ್ನೆಸ್‌ಡೇ ತಂಡದಲ್ಲಿ ಎರಡು ಸಲ ಲೀಗ್, 1907ರಲ್ಲಿ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಗೆದ್ದವರು. ಅದೇ ವರ್ಷ ಅಣ್ಣ ಆಟ ಮುಗಿಸಿ ಎಂಜಿನಿಯರಿಂಗ್‌ಗೆ ಮರಳುವ ಲೆಕ್ಕ ಹಾಕುತ್ತಿದ್ದರು. ನಾರ್ಥಾಂಪ್ಟನ್ ತಂಡಕ್ಕೆ ಮ್ಯಾನೇಜರ್, ಅಂದರೆ ಕೋಚ್, ಆಗಲು ಜೊತೆ ಆಟಗಾರ ವಾಲ್ಟರ್ ಬುಲ್ ಹೆಸರು ಹೇಳಿದವರೇ ಇವರು. ಬುಲ್ ಮನಸ್ಸು ಬದಲಿಸಿ, ನೀವೇ ಹೋಗಿ ಅಂದರು. ಹೋದರು. 1908-09ರಲ್ಲಿ ಸದರ್ನ್ ಲೀಗ್ ಗೆದ್ದರು.

ಆ ಎಂಜಿನಿಯರಿಂಗ್ ಅವರನ್ನು ಎಷ್ಟು ಕಾಪಾಡಿತು ನೋಡಿ. ಮೊದಲ ಮಹಾಯುದ್ಧದ ಹೊತ್ತಿಗೆ ಲೀಡ್ಸ್ ಸಿಟಿಯ ಮ್ಯಾನೇಜರ್ ಆಗಿದ್ದರು, ಯುದ್ಧಕಾಲದಲ್ಲಿ ಮದ್ದುಗುಂಡು ಕಾರ್ಖಾನೆಯೊಂದನ್ನು ನಡೆಸಿದರು. ಆಮೇಲೆ ಕ್ಲಬ್ ಬಿಟ್ಟು ಸೆಲ್ಬಿಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರ ಕೆಲಸ ಹಿಡಿದರು. 1919ರಲ್ಲಿ, ಲೀಡ್ಸ್ ಸಿಟಿ ಯುದ್ಧಕಾಲದಲ್ಲಿ ಆಟಗಾರರಿಗೆ ಅಕ್ರಮವಾಗಿ ಹಣ ಕೊಟ್ಟಿತ್ತು ಅನ್ನುವ ದೂರು ಬಂತು. ಕ್ಲಬ್ ಲೆಕ್ಕದ ಪುಸ್ತಕ ಕೊಡಲಿಲ್ಲ. ಲೀಗ್ ಅದನ್ನು ಹೊರಹಾಕಿತು, ಆಟಗಾರರನ್ನು ಲೀಡ್ಸ್‌ನ ಹೋಟೆಲ್ ಒಂದರಲ್ಲಿ ಹರಾಜು ಹಾಕಲಾಯಿತು, ಚಾಪ್‌ಮನ್ ಮೇಲೂ ನಿಷೇಧ ಬಿತ್ತು. ಆ ಪಾವತಿಗಳ ಕಾಲದಲ್ಲಿ ಅವರು ಮದ್ದುಗುಂಡು ಕಾರ್ಖಾನೆಯಲ್ಲಿದ್ದರು ಅಂತ ವಾದಿಸಿ ನಿಷೇಧ ತೆಗೆಸಿದ ಮೇಲೆ, 1921ರಲ್ಲಿ ಹಡರ್ಸ್‌ಫೀಲ್ಡ್ ಟೌನ್‌ಗೆ ಬಂದರು. ಕೈಯಲ್ಲಿ ಫುಟ್‌ಬಾಲ್ ಒಂದೇ ಇದ್ದಿದ್ದರೆ ನಡುವಿನ ಆ ದಿನಗಳನ್ನು ಹೇಗೆ ದಾಟುತ್ತಿದ್ದರು? ಹಡರ್ಸ್‌ಫೀಲ್ಡ್‌ಗೆ 1922ರ ಎಫ್‌ಎ ಕಪ್, ಸತತ ಎರಡು ಲೀಗ್, 1925ರಲ್ಲಿ ಆರ್ಸೆನಲ್. ಮಿಕ್ಕಿದ್ದು ನಿಮಗೆ ಗೊತ್ತಿದೆ.

ಹಾಗಾಗಿ ಕೆಲಸ ಬಿಡಬೇಡಿ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ನಾನು ಕೆಟ್ಟಿದ್ದು ಕೆಲಸದ ವಿಷಯದಲ್ಲಿ ಅಲ್ಲ.

ನಮ್ಮ ಏರಿಯಾದ ಸಿ ಡಿವಿಜನ್ ತಂಡದ ಹೊಣೆ ನನಗೆ ಸಿಕ್ಕಿತ್ತು. ಹುಡುಗರು 17ರಿಂದ 22ರ ಒಳಗಿನವರು. ಮೊದಲ ಐದು ಪಂದ್ಯಗಳಲ್ಲಿ 14 ಗೋಲು ಬಿಟ್ಟುಕೊಟ್ಟೆವು. ಅಷ್ಟರಲ್ಲಿ ನಾನು ಲೈಬ್ರರಿಯಲ್ಲಿ ಸಿಕ್ಕಿದ ಹಳೆಯ ಪುಸ್ತಕದಿಂದ ಚಾಪ್‌ಮನ್ ಆರ್ಸೆನಲ್‌ನ ವಿನ್ಯಾಸವನ್ನು ನೋಟ್‌ಬುಕ್‌ಗೆ ಇಳಿಸಿಕೊಂಡಿದ್ದೆ. ಆಟಗಾರರು ನಿಲ್ಲುವ ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಮುಂದೆ ಇಂಗ್ಲಿಷ್‌ನ ಡಬ್ಲ್ಯೂ, ಹಿಂದೆ ಎಂ, ಹಿಂದಿನ ಸಾಲಿನ ನಟ್ಟನಡುವೆ ಕದಲದ ಸ್ಟಾಪರ್, ಅಂದರೆ ಎದುರಾಳಿಯನ್ನು ತಡೆಯುವುದೇ ಕೆಲಸವಾದವನು. ಔಷಧಿ ಸಿಕ್ಕಿತು ಅನ್ನಿಸಿತು.

ತಂಡದಲ್ಲಿ ಒಬ್ಬ ಹುಡುಗನಿದ್ದ. ಚೆಂಡು ಕಾಲಿಗೆ ಬರುವ ಮೊದಲೇ ತಲೆ ಎತ್ತಿ ನೋಡಿಕೊಂಡಿರುತ್ತಿದ್ದ. 30 ಗಜದಾಚೆ ಓಡುವವನ ಮುಂದೆ ಚೆಂಡು ಬೀಳಿಸುತ್ತಿದ್ದ, ಕಾಲ ಮೇಲಲ್ಲ, ಸರಿಯಾಗಿ ಎರಡು ಹೆಜ್ಜೆ ಮುಂದೆ. ಇವನೇ ಎಲ್ಲರಿಗಿಂತ ಬುದ್ಧಿವಂತ, ಇವನೇ ಸ್ಟಾಪರ್ ಆಗಲಿ ಅಂತ ಗೋಲಿಯ (ಗೋಲ್‌ಕೀಪರ್) ಮುಂದೆ ನಿಲ್ಲಿಸಿದೆ. "ಅಣ್ಣಾ, ನಾನು ಮುಂದೆ ಹೋಗೋದು ಬೇಡ್ವಾ?" ಅಂತ ಕೇಳಿದ. ಬೇಡ ಅಂದೆ. ಮುಂದಿನ ನಾಲ್ಕು ಪಂದ್ಯ ಪೆನಾಲ್ಟಿ ಗೆರೆಯ ಹತ್ತಿರ ಎರಡೂ ಕೈ ಸೊಂಟಕ್ಕಿಟ್ಟು ಆ ತುದಿಯನ್ನೇ ನೋಡುತ್ತಾ ನಿಂತಿದ್ದ. ಐದನೆಯದಕ್ಕೆ ಬರಲಿಲ್ಲ. ಮತ್ತೆ ಬರಲೇ ಇಲ್ಲ. ನಾವು ಬಿಟ್ಟುಕೊಡುವ ಗೋಲು ಕಮ್ಮಿ ಆಗಲಿಲ್ಲ, ಹೊಡೆಯುವ ಗೋಲು ನಿಂತುಹೋಯಿತು.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚಾಪ್‌ಮನ್‌ಗೆ ಆ ಸ್ಟಾಪರ್ ಯಾಕೆ ಬೇಕಾಯಿತು? 1925ರವರೆಗೆ ಆಫ್‌ಸೈಡ್ ಎಂಬ ತಪ್ಪಾಗದೆ ಇರಬೇಕಾದರೆ, ಜೊತೆಯವನು ಪಾಸ್ ಕೊಡುವ ಹೊತ್ತಿಗೆ ಫಾರ್ವರ್ಡ್‌ನ (ಮುಂದಿನ ಸಾಲಿನ ಆಟಗಾರನ) ಮುಂದೆ ಎದುರಾಳಿಗಳು ಮೂವರು ಇರಬೇಕಿತ್ತು, ಗೋಲಿಯೂ ಸೇರಿ. ಒಬ್ಬ ಬ್ಯಾಕ್ (ಹಿಂದಿನ ಸಾಲಿನ ಆಟಗಾರ) ಮುಂದೆ ಜಿಗಿದರೆ ಸಾಕು, ಫಾರ್ವರ್ಡ್ ಸಿಕ್ಕಿಬೀಳುತ್ತಿದ್ದ. ತಪ್ಪಿಸಿಕೊಂಡರೂ ಹಿಂದೆ ಇನ್ನೊಬ್ಬ ಬ್ಯಾಕ್ ಇರುತ್ತಿದ್ದ. ಆ ವರ್ಷ ಮೂವರನ್ನು ಇಬ್ಬರಿಗೆ ಇಳಿಸಿದರು. ಡಿಫೆನ್ಸ್‌ನ ನಡುವೆ ದಾರಿ ತೆರೆದುಕೊಂಡಿತು, ಗೋಲುಗಳ ಮಳೆ ಶುರುವಾಯಿತು. 1925ರ ಅಕ್ಟೋಬರ್ 3ರಂದು ನ್ಯೂಕ್ಯಾಸಲ್‌ನಲ್ಲಿ ಆರ್ಸೆನಲ್ 0-7ರಿಂದ ಸೋತಿತು. ಅಂದರೆ ಅವರಿಗೆ ಗೋಲು ಬೀಳುತ್ತಿದ್ದದ್ದು ನಡುವಿನಿಂದ, ಅದಕ್ಕೇ ನಡುವಿನ ಹಾಫ್, ಅಂದರೆ ಮೈದಾನದ ಮಧ್ಯದಲ್ಲಿ ಆಡುವವನು, ಹಿಂದೆ ಸರಿದ. ನಮಗೆ ಬೀಳುತ್ತಿದ್ದದ್ದು ಎಲ್ಲಿಂದ? ನಾನು ಎಣಿಸಿಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ.

ಇನ್ನೊಂದು, ನನಗೆ ಇವತ್ತಿಗೂ ಚುಚ್ಚುವುದು. ಹಾಫ್‌ನನ್ನು ಹಿಂದೆ ಕರೆಯಿರಿ ಅಂತ ಪಟ್ಟು ಹಿಡಿದವರು ಚಾಪ್‌ಮನ್ ಅಲ್ಲ, ಆಟಗಾರ ಚಾರ್ಲಿ ಬ್ಯೂಕನ್. ಆ ಬೇಸಿಗೆಯಲ್ಲಷ್ಟೇ ಸಂಡರ್‌ಲೆಂಡ್‌ನಿಂದ 2,000 ಪೌಂಡ್, ಜೊತೆಗೆ ಮೊದಲ ಸೀಸನ್‌ನಲ್ಲಿ ಹೊಡೆಯುವ ಪ್ರತಿ ಗೋಲಿಗೆ 100 ಪೌಂಡ್ ಅನ್ನುವ ಕರಾರಿನಲ್ಲಿ ಬಂದವರು. ಚಾಪ್‌ಮನ್ ಆಟಗಾರರನ್ನು ಕೂರಿಸಿ ಅವರ ಬಾಯಿಂದ ಮಾತು ಹೊರಡಿಸುತ್ತಿದ್ದರು, ಬ್ಯೂಕನ್ ಹೇಳಿದ್ದನ್ನೂ ಒಪ್ಪಿದರು. ಹಾಫ್ ಹಿಂದೆ ಹೋದರೆ ಮಧ್ಯದಲ್ಲಿ ಜಾಗ ಖಾಲಿ, ಅದನ್ನು ತುಂಬುವವರು ಯಾರು? ನಾನೇ ಆಡುತ್ತೇನೆ ಅಂದರು ಬ್ಯೂಕನ್. ಚಾಪ್‌ಮನ್ ಒಪ್ಪಲಿಲ್ಲ. ಗೋಲು ಹೊಡೆಯುವವನು ಮುಂದೆಯೇ ಇರಬೇಕು. ಆಗ ಆರಿಸಿದ್ದು ಮೂರನೇ ತಂಡದಲ್ಲಿ ಆಡುತ್ತಿದ್ದ ಆಂಡಿ ನೀಲ್ ಅವರನ್ನು. ಓಟದಲ್ಲಿ ನಿಧಾನ, ಆದರೆ ಚೆಂಡು ಕಾಲಿಗೆ ಬಂದರೆ ಏನು ಮಾಡಬೇಕೆಂದು ಗೊತ್ತಿದ್ದವರು. ಎರಡೇ ದಿನದ ಮೇಲೆ ವೆಸ್ಟ್ ಹ್ಯಾಮ್ ಅಂಗಳದಲ್ಲಿ 4-0. ಬ್ಯೂಕನ್ ಆ ಸೀಸನ್‌ನಲ್ಲಿ 21 ಗೋಲು ಹೊಡೆದರು.

ಅವರು ತಮ್ಮ ಒಳ್ಳೆಯ ಆಟಗಾರನನ್ನು ಅವನ ಜಾಗದಲ್ಲೇ ಉಳಿಸಿ, ಹೊಸ ಕೆಲಸಕ್ಕೆ ಮೂರನೇ ತಂಡದಿಂದ ಜನ ಹುಡುಕಿದರು. ನಾನು ನನ್ನ ಒಳ್ಳೆಯ ಹುಡುಗನನ್ನೇ ಕಿತ್ತು ನೋಟ್‌ಬುಕ್‌ನ ಚಿತ್ರಕ್ಕೆ ಅಂಟಿಸಿದೆ. ಅವರ ಚಿತ್ರ ತಂದೆ, ಅವರು ಮಾಡಿದ ಕೆಲಸ ತರಲಿಲ್ಲ.

ಇನ್ನು, ದೊಡ್ಡ ಆಟಗಾರ ಆಗಿರದವನ ಮಾತನ್ನು ಹುಡುಗರು ಕೇಳುತ್ತಾರಾ ಅಂದಿದ್ದೀರಿ. ಕೇಳುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚೇ ಕೇಳುತ್ತಾರೆ. ನನ್ನ ಹುಡುಗ ಒಂದು ಮಾತು ಎದುರಾಡದೆ ನಾಲ್ಕು ಪಂದ್ಯ ನಿಂತ. ನೀವು ಯೋಚಿಸಬೇಕಾದದ್ದು ನೀವು ಅವರ ಮಾತು ಕೇಳುತ್ತೀರಾ ಅನ್ನುವುದನ್ನು. ಲೈಸೆನ್ಸ್ ಕೋರ್ಸ್ ಮಾಡಿ, ತಪ್ಪಿಲ್ಲ, ರಜೆ ಹಾಕಿ ಮಾಡಿ. ಆದರೆ ಅದಕ್ಕೂ ಮೊದಲು ಒಂದು ಪೂರ್ತಿ ಸೀಸನ್ ಯಾವುದಾದರೂ ಹುಡುಗರ ತಂಡದ ಜೊತೆ ಗೆರೆಯ ಹೊರಗೆ ನಿಂತು, ಬಿದ್ದ ಪ್ರತಿ ಗೋಲು ಎಲ್ಲಿಂದ ಬಂತು, ಎಷ್ಟನೇ ನಿಮಿಷ, ಯಾರು ಎಲ್ಲಿದ್ದರು ಅಂತ ಬರೆದಿಡಿ.

ನಾನು ನನ್ನ ಹುಡುಗರ ಮಾತು ಕೇಳಿದ್ದು ಸೀಸನ್‌ನ ಕೊನೇ ಪಂದ್ಯ ಮುಗಿದ ಮೇಲೆ. ಮೈದಾನದ ಪಡುವಣ ತುದಿಯ ಬೇವಿನ ಮರದ ಕೆಳಗೆ ಹುಡುಗರನ್ನು ಕೂರಿಸಿ, ಯಾಕೆ ಇಷ್ಟು ಗೋಲು ಬಿತ್ತು, ನೀವೇ ಹೇಳಿ ಅಂದೆ. ಸುಮಾರು ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಗೋಲಿ, ಗ್ಲೌಸ್‌ನ ಮಣ್ಣು ಕೊಡವುತ್ತಾ, "ಅಣ್ಣಾ, ಟಾಸ್ ಗೆದ್ದಾಗೆಲ್ಲ ನೆರಳಿದೆ ಅಂತ ನಾವು ಮೊದಲು ಈ ಕಡೆ ತಗೋತೀವಿ. ಸೆಕೆಂಡ್ ಹಾಫ್‌ಗೆ ಆ ಕಡೆ ಹೋದರೆ ಬಿಸಿಲು ನೆಟ್ಟಗೆ ಕಣ್ಣಿಗೆ ಹೊಡೀತದೆ. ಕಾರ್ನರ್ ಬಂದರೆ ಚೆಂಡೇ ಕಾಣಲ್ಲ" ಅಂದ. ಮೊದಲೇ ಯಾಕೋ ಹೇಳಲಿಲ್ಲ ಅಂತ ಕೇಳಿದೆ.

"ನೀವು ಕೇಳಲಿಲ್ಲವಲ್ಲಣ್ಣಾ" ಅಂದ.