ಜಾಲರಿ ಹಿಡಿದರೆ ಯಾಕೆ ಹದಿನೈದು ಗಜ?

ಪ್ರಶ್ನೆ: ಮಾಸ್ತರೇ, ನನ್ನ ಮೊಮ್ಮಗ ಅಮೆರಿಕದಲ್ಲಿ ಕಾಲೇಜು ತಂಡಕ್ಕೆ ಅವರ ಫುಟ್‌ಬಾಲ್ ಆಡುತ್ತಾನೆ. ವೀಡಿಯೋ ಕಳಿಸಿದ್ದ. ಒಬ್ಬ ಇವನನ್ನು ಗುದ್ದಿ ಉರುಳಿಸಿದ, ರೆಫರಿ ಸುಮ್ಮನಿದ್ದ. ಇನ್ನೊಬ್ಬ ಹೆಲ್ಮೆಟ್ಟಿನ ಮುಂದಿನ ಜಾಲರಿ ಹಿಡಿದದ್ದಕ್ಕೆ ದೊಡ್ಡ ಶಿಕ್ಷೆ. ಇದೆಂಥ ನ್ಯಾಯ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಅಕ್ಕಾ, ಎತ್ತಿನ ಮೂಗುದಾರ ಜಗ್ಗಿದರೆ ಅದರ ಇಡೀ ಮೈ ತಿರುಗುತ್ತದೆ, ಅಲ್ವಾ? ಜಾಲರಿಯೂ ಹಾಗೇ. ಅದನ್ನು ಹಿಡಿದು ತಿರುಚಿದರೆ ಪೆಟ್ಟು ಬೀಳುವುದು ಕುತ್ತಿಗೆಗೆ. ಭುಜದಿಂದ ಗುದ್ದುವುದು ನೋಡಲು ಭಯಂಕರ, ಆದರೆ ಅದು ಆಟದ ಭಾಗ. 2008ಕ್ಕಿಂತ ಮುಂಚೆ ಎಳೆಯದೆ ಸುಮ್ನೆ ಹಿಡಿದು ಬಿಟ್ಟರೂ 5 ಗಜದ ಶಿಕ್ಷೆ (ಅಂದರೆ ಚೆಂಡನ್ನು ಎದುರಾಳಿಗೆ ಅನುಕೂಲವಾಗುವ ಕಡೆಗೆ ಅಷ್ಟು ದೂರ ಸರಿಸುವುದು) ಇತ್ತು. ಈಗ ಅದಿಲ್ಲ. ಎಳೆದರೆ, ತಿರುಚಿದರೆ ಮಾತ್ರ ಶಿಕ್ಷೆ, ಅದು ನೇರ 15 ಗಜ. ಅಂದರೆ ನಮ್ಮ ಗಂಡಸರ ಕಬಡ್ಡಿ ಅಂಕಣದ ಉದ್ದಕ್ಕಿಂತ ಸ್ವಲ್ಪ ಜಾಸ್ತಿ.

ಹಿಂದಿನಿಂದ ಕಾಲರ್ ಹಿಡಿದು ಕೆಡವುವುದಕ್ಕೂ 15 ಗಜವೇ. ಅದಕ್ಕೆ ಹಾರ್ಸ್ ಕಾಲರ್ ಅನ್ನುತ್ತಾರೆ. ವೃತ್ತಿಪರ ಲೀಗಿನಲ್ಲಿ ಅದನ್ನು ನಿಷೇಧಿಸಿದ್ದು 2005ರಲ್ಲಿ. ಓಡುವವನು ಹಿಂದಕ್ಕೆ ಬೀಳುವಾಗ ಅವನದೇ ಕಾಲು ಮೈಯಡಿ ಸಿಕ್ಕಿಕೊಳ್ಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಿರಸಿಯ ಒಂದು ಕಬಡ್ಡಿ ಪಂದ್ಯಕ್ಕೆ ನಾನೇ ರೆಫರಿ. ದಾಳಿಗೆ ಹೋದ ಹುಡುಗನ ಬನಿಯನ್ನನ್ನು ಬೆನ್ನ ಹಿಂದಿನಿಂದ ಯಾರೋ ಜಗ್ಗಿದರು. ನಾನು ಸೀಟಿ ಊದುವಷ್ಟರಲ್ಲಿ ಮೊಣಕಾಲು ತಿರುಚಿತ್ತು. ಆ ಹುಡುಗ ಆ ವರ್ಷ ಮತ್ತೆ ಆಡಲಿಲ್ಲ. ಹಾಗಾಗಿ ಈ ನಿಯಮ ಅತಿಯಾಯಿತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಗಜಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮುಂದೆ ಹೋಗುವ ಬದಲು ಹಿಂದೆ ಸರಿದು, ಮೂರನೆಯದರಲ್ಲೂ 20 ಗಜ ಬಾಕಿ ಇದೆ ಅನ್ನಿ. ಬಹುತೇಕ ಕೈಬಿಟ್ಟ ಹಾಗೇ. ಆಗ ತಡೆಯುವವನು ಜಾಲರಿ ಎಳೆದ. 15 ಗಜ ಸೇರಿಸಿದರೂ 20 ಆಗುವುದಿಲ್ಲ, ಆದರೂ ಎದುರಾಳಿಗೆ ಹೊಸದಾಗಿ ನಾಲ್ಕು ಅವಕಾಶ ಸಿಗುತ್ತದೆ. ಒಂದು ಕೈಯ ತಪ್ಪಿಗೆ ಇಡೀ ತಂಡದ ದುಡಿಮೆ ನೀರುಪಾಲು.

ಕಾಲೇಜು ಆಟದಲ್ಲಿ ಟಾರ್ಗೆಟಿಂಗ್ ಎಂಬುದೂ ಇದೆ. ಹೆಲ್ಮೆಟ್ಟಿನ ನೆತ್ತಿಯನ್ನೇ ಮುಂದೆ ಮಾಡಿ ಗುದ್ದುವುದು, ಇಲ್ಲವೇ ತಪ್ಪಿಸಿಕೊಳ್ಳಲಾಗದವನ ತಲೆಗೆ, ಕುತ್ತಿಗೆಗೆ ಗುರಿಯಿಟ್ಟು ಗುದ್ದುವುದು. 2013ರಿಂದ ಇದಕ್ಕೆ 15 ಗಜದ ಜೊತೆ ಆಟಗಾರನನ್ನೇ ಹೊರಗೆ ಕಳಿಸುತ್ತಾರೆ, ವೀಡಿಯೋ ನೋಡಿ ಖಚಿತವಾದ ಮೇಲೆ. ತಲೆ ಬಗ್ಗಿಸಿ ನುಗ್ಗಿದರೆ ಗುದ್ದಿದವನ ಕುತ್ತಿಗೆಗೂ ಅಪಾಯ. ಮೊಮ್ಮಗ ಮುಂದಿನ ಸಲ ಫೋನ್ ಮಾಡಿದಾಗ, ತಲೆ ಎತ್ತಿಕೊಂಡೇ ತಡೆಯಲು ಕಲಿಸಿದ್ದಾರಾ ಎಂದು ಕೇಳಿ.