ಫ್ರೀಮಾಂಟ್ ಕಾರ್ಖಾನೆ ಹೇಳುವುದೇನು?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಎರಡನೆಯ ಮಹಾಯುದ್ಧ ಮುಗಿದಾಗ ಕಾರು ಎಂದರೆ ಅಮೆರಿಕ ಎನ್ನುವಂತಿತ್ತು. ಅಂಥ ಉದ್ಯಮ ಜಪಾನಿನ ಎದುರು ಸೋತದ್ದು ಏಕೆ? ಕಾರ್ಮಿಕ ಸಂಘಗಳು ಸಂಬಳ, ಪಿಂಚಣಿ ಎಂದು ಕಂಪನಿಗಳನ್ನು ಹಿಂಡಿದ್ದೇ ಕಾರಣವಲ್ಲವೇ?’

ಸಂಪಾದಕರ ಉತ್ತರ: ಈ ಅಭಿಪ್ರಾಯ ನಿಮ್ಮೊಬ್ಬರದಲ್ಲ, ಅಮೆರಿಕದಲ್ಲಿಯೂ ಬಹಳ ಮಂದಿ ಹೀಗೆಯೇ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1950ರಲ್ಲಿ ಜಗತ್ತಿನಲ್ಲಿ ತಯಾರಾದ ವಾಹನಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದವು. ಯುರೋಪ್ ಮತ್ತು ಜಪಾನಿನ ಕಾರ್ಖಾನೆಗಳು ಯುದ್ಧದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಎದುರಾಳಿಯೇ ಇಲ್ಲದ ಕಾಲದಲ್ಲಿ ಜನರಲ್ ಮೋಟರ್ಸ್, ಫೋರ್ಡ್, ಕ್ರೈಸ್ಲರ್ ಕಂಪನಿಗಳು ಏನು ಮಾಡಿದರೂ ಮಾರಾಟವಾಗುತ್ತಿತ್ತು. ದೊಡ್ಡ ಕಾರಿನಲ್ಲಿ ಲಾಭ ದೊಡ್ಡದು, ಸಣ್ಣದರಲ್ಲಿ ಸಣ್ಣದು ಎಂಬ ಲೆಕ್ಕಾಚಾರ ಅಲ್ಲಿ ಬೇರೂರಿತು. ಹೀಗಾಗಿ 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಜಪಾನಿನ ಸಣ್ಣ ಕಾರಿಗೆ ಸರಿಸಾಟಿಯಾದದ್ದು ಅವುಗಳ ಬಳಿ ಇರಲಿಲ್ಲ.

ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. ಜನರಲ್ ಮೋಟರ್ಸ್ 1970ರಲ್ಲಿ ಷೆವ್ರೊಲೆ ವೇಗಾ ಎಂಬ ಸಣ್ಣ ಕಾರನ್ನು ತಂದಿತು. ಓಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ಅದಕ್ಕೆ ಗೊತ್ತುಮಾಡಿದ ವೇಗ ಗಂಟೆಗೆ ನೂರು ಕಾರು. ಅಂದರೆ ಒಬ್ಬ ಕೆಲಸಗಾರನ ಮುಂದೆ ಒಂದು ಕಾರು ಇರುವುದು 36 ಸೆಕೆಂಡು. ಬೋಲ್ಟ್ ಬಿಗಿಯಾಗದಿದ್ದರೂ ಕಾರು ಮುಂದೆ ಸಾಗಬೇಕು. 1972ರಲ್ಲಿ ಅಲ್ಲಿನ ಯುವ ಕಾರ್ಮಿಕರು ಮುಷ್ಕರ ಹೂಡಿದ್ದು ಸಂಬಳಕ್ಕಾಗಿ ಅಲ್ಲ, ಈ ವೇಗದ ವಿರುದ್ಧ, ಆಳು ಕಡಿತದ ವಿರುದ್ಧ. ವೇಗಾ ತುಕ್ಕು ಹಿಡಿಯಿತು, ಅದರ ಎಂಜಿನ್ ಎಣ್ಣೆ ಕುಡಿಯಿತು. ಕೊಂಡವರು ಆ ಕಂಪನಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ಕುಡಿತ, ಜಗಳಗಳಿಗೆ ಕುಖ್ಯಾತವಾಗಿತ್ತು. 1982ರಲ್ಲಿ ಬೀಗ ಬಿತ್ತು. ಎರಡು ವರ್ಷದ ಬಳಿಕ ಟೊಯೋಟಾ ಜೊತೆಗೂಡಿ ಅದೇ ಕಟ್ಟಡದಲ್ಲಿ ‘ನಮ್ಮಿ’ ಹೆಸರಿನ ಜಂಟಿ ಕಂಪನಿ ಕಾರು ತಯಾರಿಕೆ ಆರಂಭಿಸಿತು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ. ಸಂಘವೂ ಅದೇ, ಯುನೈಟೆಡ್ ಆಟೊ ವರ್ಕರ್ಸ್. ಅವರಲ್ಲಿ ಕೆಲವರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ಅಸೆಂಬ್ಲಿ ಲೈನಿನ, ಅಂದರೆ ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದರು: ದೋಷ ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ಓಡಿ ಬರುತ್ತಾನೆ, ಬೈಯಲು ಅಲ್ಲ, ನೆರವಾಗಲು. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಳೆಯ ಫ್ರೀಮಾಂಟ್‌ನಲ್ಲಿ ಸಾಲನ್ನು ನಿಲ್ಲಿಸುವುದೆಂದರೆ ಕೆಲಸಕ್ಕೇ ಕುತ್ತು. ಕೆಲವೇ ವರ್ಷಗಳಲ್ಲಿ ಅದೇ ಕೈಗಳು ತಯಾರಿಸಿದ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗೆ ಹತ್ತಿರ ಬಂತು. 1988ರಲ್ಲಿ ಮಾರಾಟ ಕುಸಿದಾಗಲೂ ಯಾರನ್ನೂ ಮನೆಗೆ ಕಳಿಸದೆ ತರಬೇತಿಗೆ ಕೂರಿಸಿದರು. ಕೆಲಸದಿಂದ ತೆಗೆಯುವುದಿಲ್ಲವೆಂದು ಸಂಘಕ್ಕೆ ಕೊಟ್ಟ ಮಾತು ಉಳಿಯಿತು.

ಕಣ್ಣೆದುರಿಗೇ ಇಂಥ ಪಾಠ ಇದ್ದರೂ ಜನರಲ್ ಮೋಟರ್ಸ್ ತನ್ನ ಉಳಿದ ಕಾರ್ಖಾನೆಗಳಲ್ಲಿ ಅದನ್ನು ಜಾರಿಗೆ ತರಲು ವರ್ಷಗಟ್ಟಲೆ ತಡವರಿಸಿತು. ನನಗೆ ಅತಿ ನೋವಿನದೆನಿಸುವ ಭಾಗ ಇದು. ಅದೇ ರಾಜ್ಯದ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಹೊಸ ಪದ್ಧತಿ ತರಲು ಹೋಗಿ ಕೈಸುಟ್ಟುಕೊಂಡರು. ಪದ್ಧತಿ ಬಂತು, ನಂಬಿಕೆ ಬರಲಿಲ್ಲ. 1992ರಲ್ಲಿ ಅದು ಮುಚ್ಚಿತು.

ಪಿಂಚಣಿಯ ಬಗ್ಗೆ ನೀವು ಹೇಳಿದ್ದರಲ್ಲಿ ಹುರುಳಿದೆ. 1950ರ ಒಪ್ಪಂದದಲ್ಲಿ ಜನರಲ್ ಮೋಟರ್ಸ್ ಕಾರ್ಮಿಕರ ಪಿಂಚಣಿಯ ಹೊಣೆಯನ್ನೂ ಆರೋಗ್ಯ ವಿಮೆಯ ಅರ್ಧ ಖರ್ಚನ್ನೂ ಹೊತ್ತುಕೊಂಡಿತು. ಮಾರುಕಟ್ಟೆ ಕೈತಪ್ಪಿ ಕೆಲಸಗಾರರು ಕಡಿಮೆಯಾಗಿ ನಿವೃತ್ತರು ಹೆಚ್ಚಾದಾಗ ಆ ಹೊರೆ ಕಂಪನಿಯನ್ನು ಜಗ್ಗಿತು. ಆದರೆ ಸಂಘದ ನಾಯಕ ವಾಲ್ಟರ್ ರೂಥರ್ ಇಡೀ ದೇಶಕ್ಕೆ ಸರ್ಕಾರವೇ ಆರೋಗ್ಯ ವಿಮೆ ಕೊಡಬೇಕೆಂದು ಕೊನೆಯವರೆಗೂ ಹೋರಾಡಿದವರು ಎಂಬುದನ್ನು ಮರೆಯಬಾರದು. ಜಪಾನ್ 1961ರಲ್ಲಿಯೇ ಎಲ್ಲ ಪ್ರಜೆಗಳಿಗೂ ಅಂಥ ವಿಮೆ ಕೊಟ್ಟಿತು. ಅಮೆರಿಕ ಕೊಡಲಿಲ್ಲ. 2009ರ ಜೂನ್ 1ರಂದು ದಿವಾಳಿ ಅರ್ಜಿ ಸಲ್ಲಿಸುವಾಗ ಜನರಲ್ ಮೋಟರ್ಸ್ ಹೊತ್ತಿದ್ದ ಸಾಲದಲ್ಲಿ ನಿವೃತ್ತ ಕಾರ್ಮಿಕರ ಚಿಕಿತ್ಸೆಗೆ ಕೊಡಬೇಕಿದ್ದ ಸುಮಾರು ಎರಡು ಸಾವಿರ ಕೋಟಿ ಡಾಲರ್ ಬಾಕಿಯೂ ಇತ್ತು.